ಪಿಸ್ತೂಲಿನ ಮೇಕಪ್

ಶನಿವಾರ, ಹದಿನಾಲ್ಕು

ಉಸ್ಸಪ್ಪಾ! ಎರಡೂ ಪಿಸ್ತೂಲು ಮಂಚದ ಕೆಳಗಿವೆ, ನಾನು ಮಂಚದ ಮೇಲಿದ್ದೇನೆ. ಲಾಕಪ್ಪಿನಲ್ಲಿಲ್ಲ.

ವಿಮಾನ ನಿಲ್ದಾಣದಲ್ಲಿ ಸಿಬ್ಬಂದಿ ಕೇಳುವ ಮೊದಲೇ ಹೇಳಿದ್ದೆ, ಇವು ನಾಟಕದ ಸಾಮಾನು, ಪ್ಲಾಸ್ಟಿಕ್ ಗುಂಡಿನ ಆಟಿಕೆ, ಲಗೇಜಿಗೇ ಹಾಕುತ್ತೇವೆ ಎಂದು. ಆದರೂ ಭದ್ರತೆಯ ಮೇಡಂ ಪೆಟ್ಟಿಗೆ ತೆರೆಸಿದರು.

“ಆಟಿಕೆ ಅಂತೀರಿ. ತುದೀಲಿ ಕಿತ್ತಳೆ ಬಣ್ಣ ಇರ್ಬೇಕಲ್ಲ, ಎಲ್ಲಿ?”

ಮುಂದಿನ ಸಾಲಿನ ಪ್ರೇಕ್ಷಕರಿಗೂ ನಿಜವೆನಿಸಲಿ ಎಂದು ಅದರ ಮೇಲೆ ಕಪ್ಪು ಬಳಿದವನು ನಾನೇ.

ನಟರಿಗೆ ಬಣ್ಣ ಹಚ್ಚುವ ನಮ್ಮಕ್ಕ ಮುಂದೆ ಬಂದಳು. ಕೈಚೀಲದಿಂದ ಉಗುರುಬಣ್ಣ ಅಳಿಸುವ ಸೀಸೆ ತೆಗೆದು, ಹತ್ತಿ ಅದ್ದಿ ಉಜ್ಜತೊಡಗಿದಳು.

“ಒಂದ್ನಿಮಿಷ ಮೇಡಂ, ಇದರ ಮೇಕಪ್ ತೆಗೀತೀನಿ.”

ಕಿತ್ತಳೆ ಇಣುಕಿತು. ಮೇಡಂ ನಕ್ಕೇಬಿಟ್ಟರು.

“ಇದ್ರಿಂದ ಸಾಯೋರು ಯಾರು?”

“ನಮ್ಮನೆಯವ್ರೇ!”

ಹಿಂದೆ ನಿಂತಿದ್ದ ಭಾವ ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಕ್ಯೂನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಈಗ ಪಕ್ಕದ ಮಂಚದಲ್ಲಿ ಭಾವನದೇ ಗೊರಕೆ. ನಾಳೆಯ ಆಟಕ್ಕೆ ಮತ್ತೆ ಕಪ್ಪು ಬಳಿಯಬೇಕು, ಡಬ್ಬಿ ಮುಟ್ಟಲು ಮನಸ್ಸೇ ಬರುತ್ತಿಲ್ಲ. ಅದಕ್ಕೆ ಪಿಸ್ತೂಲೇ ಬೇಕೆಂದಿಲ್ಲ, ಯಾರಾದರೂ ಬೆರಳು ತೋರಿಸಿದರೂ ಭಾವ ಸಾಯುತ್ತಾರೆ. ಕಿತ್ತಳೆಯೇ ಇರಲಿ. ಅಬ್ಬಾ, ನನಗೂ ಎಂಥ ನಿದ್ದೆ ಬರುತ್ತಿದೆ…