ಎಡಗೆನ್ನೆಯ ಗುಳಿ

ಜಿಬ್ಲಾದ ಅಕ್ಕನಿಗೆ, ವರ್ಗವಾಗಿ ಬಂದ ಈ ಕಮರಾನ್ ದ್ವೀಪದಿಂದ ಸಲಾಂ.

ಅಕ್ಕಾ, ನಮ್ಮ ಮಗಳು ತಖಿಯಾಳ ಕೆನ್ನೆಯ ಗುಳಿ ಯಾರದೆಂದು ಗೊತ್ತಾಗಿಹೋಯಿತು! ಬಿರುಗಾಳಿಗೆ ದೋಣಿಗಳು ನಿಂತು ಎರಡು ವಾರವಾಯಿತು, ಅಗಿಯಲು ಆ ಅಮಲಿನ ಖಾತ್ ಸೊಪ್ಪಿನ ಒಂದೆಲೆಯೂ ಬಂದಿಲ್ಲ. ನಮ್ಮ ಮನೆಯವರು ಮೊದಲು ಗೋಡೆಯ ಮೇಲೂ ಸಿಡುಕಿದರು, ಆಮೇಲೆ ಹಗಲೂ ರಾತ್ರಿ ನಿದ್ದೆ ಹೊಡೆದರು. ನಿನ್ನೆ ಊಟಕ್ಕೆ ಕೂತು ಎರಡು ಒಣಮೀನು ಮುಗಿಸಿ, "ಇನ್ನೊಂದಿದ್ರೆ ಹಾಕೇ" ಎಂದು ನಕ್ಕರು ನೋಡು, ಎಡಗೆನ್ನೆಯಲ್ಲಿ ಗುಳಿ! ಮದುವೆಯಾಗಿ ಏಳು ವರ್ಷ, ನಾನು ಕಂಡೇ ಇರಲಿಲ್ಲ. ಬೆಳಿಗ್ಗೆ ಮುಖ ಗಂಟಿಕ್ಕಿರುತ್ತದೆ, ಮಧ್ಯಾಹ್ನದಿಂದ ಆ ಕೆನ್ನೆ ತುಂಬ ಸೊಪ್ಪಿನ ಉಂಡೆ, ಕಾಣುವುದಾದರೂ ಯಾವಾಗ?

"ಅಪ್ಪಾ, ನನ್ ಗುಳಿ ನೀನ್ಯಾಕ್ ತಗೊಂಡೆ?" ಎಂದು ತಖಿಯಾ ಅದರೊಳಗೆ ಬೆರಳಿಟ್ಟು ಜಗಳಕ್ಕೇ ನಿಂತಳು. ಹೆತ್ತ ಮಗನ ಗುಳಿಯನ್ನೇ ಮರೆತು "ಆ ಗುಳಿ ನಮ್ ಕಡೇದಲ್ಲ" ಎನ್ನುತ್ತಿದ್ದ ನಮ್ಮ ಅತ್ತೆಗೆ ಇವತ್ತೇ ಹೋಗಿ ಹೇಳು.

ಸೊಪ್ಪು ಅಗಿದು ಬರುತ್ತಿದ್ದ ಇವರ ವಸಡಿನ ರಕ್ತ ನಿಂತಿದೆ, ನಾನೂ ಆರಾಮ. ಗಾಳಿ ನಿಲ್ಲಲೆಂದು ಊರೆಲ್ಲ ಬೇಡುತ್ತಿದೆ. ನಾನು ಮಾತ್ರ ಬಾಯಿ ಮುಚ್ಚಿಕೊಂಡಿದ್ದೇನೆ. ಈ ಕಾರ್ಡ್ ನಿನ್ನ ಕೈಸೇರಿತೆಂದರೆ ದೋಣಿ ಬಂತೆಂದೇ ಅರ್ಥ, ಅದರಲ್ಲಿ ಸೊಪ್ಪೂ ಬಂದಿರುತ್ತದೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ: ಗುಳಿ ಇತ್ತು, ನಾನು ನೋಡಿದೆ.

ನಿನ್ನ ಸಬಾಹ್