ಮಂಜು ಹೊಡೆದ ಗೋಲು

ಟಾವಾ ಬ್ರಿಜ್
ಭಾನುವಾರ, 16 ಜುಲೈ 2006

ಯಾಹ್ಯಾ ಅವರಿಗೆ,

ಅಸ್ಸಲಾಮು ಅಲೈಕುಮ್. ನಾನು ಆರೋಗ್ಯವಾಗಿದ್ದೇನೆ, ನೀವೂ ಹಾಗೇ ಇರಬೇಕೆಂದು ದುವಾ ಮಾಡುತ್ತೇನೆ. ಫೋನಿನಲ್ಲಿ ಊಟವಾಯಿತೇ ಎಂದು ಕೇಳಿಕೊಂಡ ಮೇಲೆ ನಮ್ಮಿಬ್ಬರಿಗೂ ಮಾತು ನಿಂತುಹೋಗುತ್ತದೆ, ಅದಕ್ಕೇ ಬರೆಯಲು ಕುಳಿತೆ. ಮನೆಯಲ್ಲಿ ಆಡುವುದು ದಖನಿಯಾದರೂ ನಿಶ್ಚಿತಾರ್ಥದಿಂದ ನಿಕಾಹ್‌ವರೆಗೆ ನಾವು ಬರೆದುಕೊಂಡದ್ದೆಲ್ಲ ಕನ್ನಡದಲ್ಲಿ. ಉರ್ದು ಅಕ್ಷರ ನಮ್ಮಿಬ್ಬರಿಗೂ ಸರಿಯಾಗಿ ಕೂಡಿಬರುತ್ತಿರಲಿಲ್ಲ. ಭದ್ರಾವತಿಯಿಂದ ನೀವು ಬರೆದ ಮೊದಲ ಪತ್ರದಲ್ಲಿ ಕಬ್ಬಿಣದ ಕಾರ್ಖಾನೆಯ ಮೈದಾನದ ವಿಷಯವೇ ಎರಡು ಪುಟವಿತ್ತು, ನನ್ನ ವಿಷಯ ಒಂದು ಸಾಲು. ಇವತ್ತು ನಾನೂ ಮೈದಾನದ ವಿಷಯವನ್ನೇ ಬರೆಯುತ್ತೇನೆ. ನಗಬೇಡಿ.

ನೀವು ಇಲ್ಲಿಗೆ ಬರುವುದು ನಿಂತ ಮೇಲೆ ಶೆಡ್ಡಿನಲ್ಲಿ ಒಂದು ಗೋಣಿಚೀಲ ಸಿಕ್ಕಿತು. ತಂಡದ ಜರ್ಸಿಗಳು, ಒಗೆಯದೆ ಬಿಟ್ಟವು. ಸಿಟ್ಟಿನಲ್ಲಿ ಅಲ್ಲೇ ಬಿಟ್ಟಿದ್ದೆ. ವಾಸನೆ ತಡೆಯಲಾರದೆ ಒಂದು ದಿನ ಒಗೆದು ಮಡಿಸಿ, ಫುಟ್‌ಬಾಲ್ ಕ್ಲಬ್ಬಿನ ಬಾಗಿಲಲ್ಲಿ ಇಟ್ಟು ಬಂದುಬಿಡೋಣವೆಂದು ಹೊರಟೆ. ಒಳಗೆ ಆ ಡಚ್ ಅಜ್ಜಿ ಕೋರಿ ಒಬ್ಬರೇ ಕುಳಿತು ಗೋಲಿನ ಬಲೆ ಹೆಣೆಯುತ್ತಿದ್ದರು. ನಾನು ಹೊರಡುತ್ತೇನೆ ಎಂದದ್ದಕ್ಕೆ, ಒಗೆದ ಜರ್ಸಿ ತಂದವರು ಚಹಾ ಕುಡಿಯದೆ ಹೋಗುವ ಪದ್ಧತಿ ಈ ಕ್ಲಬ್ಬಿನಲ್ಲಿಲ್ಲ ಎಂದರು. ಕುಳಿತೆ. ಆಮೇಲೆ ಪ್ರತಿ ಶನಿವಾರವೂ ಹೋದೆ. ಎರಡು ವರ್ಷದಿಂದ ನಿಮಗೆ ಇದನ್ನು ಹೇಳಿರಲಿಲ್ಲ.

ಕ್ಲಬ್ಬು ಹುಟ್ಟಿದ ಕಥೆ ನಿಮಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ನೀವು ಆಟ ಬಿಟ್ಟು ಬೇರೇನು ಕೇಳಿದವರು! ಕೋರಿಯ ಗಂಡ ಪೀಟ್ ಮತ್ತು ಇನ್ನಷ್ಟು ಡಚ್ ಹುಡುಗರು ನಮ್ಮ ಹಾಗೆಯೇ ಕಡಲು ದಾಟಿ ಇಲ್ಲಿಗೆ ಹಾಲು ಕರೆಯುವ ಕೆಲಸಕ್ಕೆ ಬಂದಿದ್ದರು. ಊರಿಗೆಲ್ಲ ರಗ್ಬಿಯ ಹುಚ್ಚು, ಇವರು ಕಾಲಿನಲ್ಲಿ ಚೆಂಡಾಡುವುದನ್ನು ಕಂಡರೆ ನಗು. ಕೊನೆಗೊಬ್ಬ ರೈತ ಜೌಗು ಹಿಡಿದ ಹುಲ್ಲುಗಾವಲು ಕೊಟ್ಟ, ಶನಿವಾರ ಬೆಳಿಗ್ಗೆ ದನ ಹೊಡೆದುಕೊಂಡು ಹೋದ ಮೇಲೆ ಆಡಿಕೊಳ್ಳಿ ಎಂದ. ಕೋರಿ ಮೀನುಗಾರರ ಊರಿನ ಹುಡುಗಿ, ಅಪ್ಪ ಕಲಿಸಿದ ಗಂಟಿನಲ್ಲೇ ಮೊದಲ ಬಲೆ ಹೆಣೆದದ್ದು. ಅವರಿಗೂ ಮೊದಲು ಆಟವೆಂದರೆ ಆಗುತ್ತಿರಲಿಲ್ಲವಂತೆ. ವಾರವಿಡೀ ಮಾತಾಡದ ಗಂಡ ಆ ಕೆಸರಿನಲ್ಲಿ ಮಾತ್ರ ಹಾಡುತ್ತಾನೆ ಎಂದು ಅಳುತ್ತಿದ್ದರಂತೆ. ಮುಂದೆ ಒಂದೇ ಒಂದು ಕಪ್ ಗೆದ್ದರು. ಅದನ್ನು ಹುಲ್ಲಿನ ಟ್ರೇಲರ್ ಮೇಲಿಟ್ಟು ಊರಿಗಿದ್ದ ಒಂದೇ ಬೀದಿಯಲ್ಲಿ ಮೂರು ಸಲ ಹೋಗಿ ಬಂದರಂತೆ, ಬೀದಿ ಅಷ್ಟು ಚಿಕ್ಕದು. ಆಟಗಾರರು ಸಾಲದ ಕಾಲದಲ್ಲಿ ಪಕ್ಕದ ಊರಿನ ಜೊತೆ ಕೂಡಿಕೊಂಡರು, ಜರ್ಸಿಯ ಬಣ್ಣಕ್ಕೆ ಜಗಳವಾಡಿ ಮರುವರ್ಷವೇ ಬೇರೆಯಾದರು.

ಗೋಡೆಯ ಮೇಲೆ ವರ್ಷಕ್ಕೊಂದು ಫೋಟೋ. ಕೊನೆಯದರಲ್ಲಿ ನೀವಿದ್ದೀರಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಆಮೇಲೆ ಗೋಡೆ ಖಾಲಿ. ಹಾಲಿನ ಪುಡಿಯ ಫ್ಯಾಕ್ಟರಿಯಲ್ಲಿ ಕೆಲಸ ಹೋದದ್ದು ನಿಮ್ಮೊಬ್ಬರದೇ ಅಲ್ಲವಲ್ಲ, ಅರ್ಧ ತಂಡವೇ ಹೋಯಿತು.

ಆಮೇಲೆ ನೀವು ದೊಡ್ಡ ನಗರಕ್ಕೆ ಹೋಗಿ ಪೆನ್‌ರೋಸಿನ ಗೋದಾಮಿನಲ್ಲಿ ಕೆಲಸ ಹಿಡಿದದ್ದಕ್ಕೆ ನಾನು ಎಂದೂ ಬೇಸರಪಟ್ಟವಳಲ್ಲ. ಮೊದಮೊದಲು ನೀವು ಶನಿವಾರ ತಪ್ಪದೆ ಬರುತ್ತಿದ್ದಿರಿ. ಆದರೆ ಬಂದದ್ದು ಪಂದ್ಯಕ್ಕೆ. ತಂಡ ಚದುರಿತು, ನಿಮ್ಮ ಬರುವಿಕೆಯೂ ನಿಂತಿತು. ಆ ಈದ್‌ನ ದಿನ ಬಾಗಿಲಲ್ಲಿ ನಿಂತು, ಈ ಊರಿನಲ್ಲಿ ನನಗೇನಿದೆ ಎಂದು ಕೇಳಿದಿರಿ. ನಾನು ಶೀರ್‌ಖುರ್ಮಾದ ಬಟ್ಟಲು ಹಿಡಿದು ನಿಮ್ಮ ಎದುರಿಗೇ ನಿಂತಿದ್ದೆ. ಆ ಸಿಟ್ಟು ಇನ್ನೂ ಇದೆ. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಈಗ ಹೋದ ವಾರದ ಶನಿವಾರದ ವಿಷಯ. ಸಿಟ್ಟು ಬದಿಗಿರಲಿ, ಇದನ್ನು ಓದಿ.

ಭದ್ರಾವತಿಯಲ್ಲಿ ಮಳೆ ಹಿಡಿದಿರುವ ಹೊತ್ತಿಗೆ ಇಲ್ಲಿ ಚಳಿಗಾಲವಲ್ಲವೇ, ಈ ಸಲ ಜನ ಸೇರದೆ ಎರಡು ಪಂದ್ಯ ಬಿಟ್ಟುಕೊಟ್ಟಿದ್ದೆವು. ಮೂರನೆಯದನ್ನೂ ಬಿಟ್ಟರೆ ತಂಡವನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಲೀಗ್ ನಡೆಸುವವರು ಹೇಳಿದ್ದರು. ಪಟ್ಟಿಯಲ್ಲಿಲ್ಲದ ಕ್ಲಬ್ಬಿಗೆ ಮೈದಾನವೂ ಇರುವುದಿಲ್ಲ. ಅವತ್ತು ಬೆಳಗಾದರೆ ಹೊಳೆಯ ಕಡೆಯಿಂದ ಮಂಜು. ಹೆದ್ದಾರಿಯಲ್ಲಿ ಕಾರುಗಳು ನಿಂತುಬಿಟ್ಟಿದ್ದವು. ನಮ್ಮ ಗೋಲ್‌ಕೀಪರ್ ರೈತ, ಅವನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು, ಅವನೂ ಬರಲಿಲ್ಲ. ಲೆಕ್ಕ ಹಾಕಿದರೆ ಆರು ಜನ. ಏಳು ಜನರಿಲ್ಲದೆ ಆಟ ಶುರುವಾಗುವುದಿಲ್ಲ ಎಂಬುದು ನಿಮಗೇ ಗೊತ್ತು.

ಕೋರಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಆಗ ಆ ಆರು ಜನರಲ್ಲೊಬ್ಬನಾದ ಅಭಯ್ ನನ್ನ ಹತ್ತಿರ ಬಂದ. ಮೈಸೂರಿನ ಹುಡುಗ, ಹ್ಯಾಮಿಲ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ, ನಮ್ಮ ಮುಂಚೂಣಿಯ ಆಟಗಾರ. ಗ್ಲೌಸ್ ನನ್ನ ಕೈಗೆ ತುರುಕಿ, "ಆಂಟಿ, ಸುಮ್ನೆ ನಿಂತ್ಕೊಳ್ಳಿ ಸಾಕು. ಬಾಲ್ ಬಂದ್ರೆ ನಾನ್ ಕೂಗ್ತೀನಿ," ಎಂದ. ಕಾಣದಿದ್ದರೆ ನೀನು ಹೇಗಪ್ಪ ಕೂಗುತ್ತೀಯ ಎಂದು ಕೇಳಿದೆ. "ಅದೂ ಕರೆಕ್ಟೇ. ಕಂಡ್ರೆ ನೀವೇ ಕೂಗಿ!" ಎಂದು ನಕ್ಕ. ರೆಫ್ರಿ ನನ್ನ ದುಪಟ್ಟಾದಿಂದ ಗಮ್‌ಬೂಟಿನವರೆಗೆ ನೋಡಿದರು. ಎದುರು ತಂಡದ ನಾಯಕನಿಗೆ ತಕರಾರಿಲ್ಲ, ಅವರೂ ಎಂಟೇ ಜನ ಬಂದಿದ್ದರು. ರೆಫ್ರಿ ಸೀಟಿ ಊದಿಯೇಬಿಟ್ಟರು.

ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನೇರ ಗೋಲಿನಲ್ಲಿ ನಿಂತವಳು ನಾನು. ಶುರುವಿನಲ್ಲಿ ಮಧ್ಯದ ಗೆರೆಯವರೆಗೂ ಕಾಣುತ್ತಿತ್ತು. ವಿರಾಮದ ನಂತರ ಮಂಜು ಇಳಿಯುತ್ತಾ ಇಳಿಯುತ್ತಾ ನನ್ನ ಕಂಬಗಳೂ ಮಸುಕಾದವು. ಯಾಹ್ಯಾ, ಅದನ್ನು ಹೇಗೆ ಹೇಳಲಿ? ಆಟ ಎಲ್ಲೋ ನಡೆಯುತ್ತಿತ್ತು, ನನಗೆ ಅದರ ಶಬ್ದ ಮಾತ್ರ ಬರುತ್ತಿತ್ತು. ಕಾಲಿಗೆ ಚೆಂಡು ತಾಗಿದ ಸದ್ದು, ಒದ್ದೆ ಹುಲ್ಲಿನ ಮೇಲೆ ಓಡಿದ ಸದ್ದು, ಯಾರೋ ಯಾರನ್ನೋ ಹೆಸರು ಹಿಡಿದು ಕರೆದದ್ದು. ಒಮ್ಮೆ ಬಿಳುಪಿನಲ್ಲಿ ಎಡಭುಜ ಸ್ವಲ್ಪ ಇಳಿಬಿಟ್ಟು ಯಾರೋ ನಡೆದು ಬಂದಹಾಗಾಯಿತು. ನಿಮ್ಮ ನಡಿಗೆಯೇ. ಒಂದು ಹೆಜ್ಜೆ ಮುಂದಿಟ್ಟೆ. ಹತ್ತಿರ ಬಂದದ್ದು ಬೇಲಿ ದಾಟಿ ಬಂದ ಹಸು. ನನ್ನನ್ನು ನೋಡಿ ನಿಂತಿತು, ನಾನೂ ಅದನ್ನು ನೋಡಿದೆ. ಹೋಗಮ್ಮ, ಇಲ್ಲಿ ಆಟ ನಡೆಯುತ್ತಿದೆ ಎಂದು ಕನ್ನಡದಲ್ಲೇ ಹೇಳಿದೆ. ಹೋಯಿತು. ನಗುತ್ತಾ ನಿಂತವಳಿಗೆ ಕಣ್ಣಲ್ಲಿ ನೀರು ಯಾವಾಗ ಬಂತೋ ಗೊತ್ತಾಗಲಿಲ್ಲ. ನೀವು ಇಲ್ಲಿ ಏನನ್ನು ಪ್ರೀತಿಸುತ್ತಿದ್ದಿರಿ ಎಂಬುದು ಸ್ವಲ್ಪ ತಿಳಿಯಿತು. ಅಲ್ಲಿ ನಿಂತಾಗ ಯಾವ ಕಡೆಯಿಂದಲೂ ಯಾವ ಬೇಸರವೂ ಮೈಗೆ ತಾಕುವುದಿಲ್ಲ.

ಆಮೇಲೆ ಆ ತುದಿಯಲ್ಲಿ ಕೂಗು ಕೇಳಿತು. ಗೋಲು! ನಮ್ಮದೇ. ಬಲೆಯಲ್ಲಿ ಚೆಂಡಿದೆ, ಹೊಡೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಭಯ್ ನಾನಲ್ಲ ಎಂದ, ಉಳಿದವರೂ ಅಲ್ಲ ಎಂದರು. ಎದುರಿನವರ ಕಾಲಿಗೆ ತಾಗಿತ್ತೋ ಏನೋ, ಅವರಲ್ಲೂ ಒಬ್ಬರೂ ಒಪ್ಪಲಿಲ್ಲ.

ಮುಗಿಯುವ ಹೊತ್ತಿಗೆ ಚೆಂಡು ನನ್ನ ಕಡೆಗೂ ಬಂತು. ಯಾರೂ ಕೂಗಲಿಲ್ಲ. ಬಿಳುಪಿನೊಳಗಿಂದ ಸದ್ದಿಲ್ಲದೆ ಬಂದು ಹೊಟ್ಟೆಗೆ ಬಡಿಯಿತು. ಉಸಿರು ಕಟ್ಟಿ ಕೆಸರಿನಲ್ಲಿ ಕುಳಿತುಬಿಟ್ಟೆ, ಆದರೆ ತೋಳು ಬಿಡಲಿಲ್ಲ. ಸೀಟಿ ಊದಿದ ಮೇಲೂ ಬಿಡಲಿಲ್ಲ, ಅಭಯ್ ಬಂದು ಬಿಡಿಸಿಕೊಂಡ. "ಸಾಕು ಆಂಟಿ, ಗೆದ್ವಿ, ಬಿಡಿ," ಎಂದು ಎರಡು ಸಲ ಹೇಳಬೇಕಾಯಿತು.

ಪಂದ್ಯದ ವರದಿಯಲ್ಲಿ ಗೋಲು ಹೊಡೆದವರ ಹೆಸರು ಬೇಕಲ್ಲ? ಈ ಬಿಳಿಯದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೋರಿ ಕೇಳಿದರು, ಹೇಳಿದೆ. ದಪ್ಪ ಅಕ್ಷರದಲ್ಲಿ ‘ಮಂಜು’ ಎಂದು ಬರೆದೇಬಿಟ್ಟರು. ಮಂಗಳವಾರ ಲೀಗ್ ಕಚೇರಿಯಿಂದ ಫೋನು, ಮಂಜು ಎಂಬ ಆಟಗಾರನ ನೋಂದಣಿ ಕಾಣುತ್ತಿಲ್ಲವೆಂದು. ಕೋರಿ ಸ್ವಲ್ಪವೂ ತಡವರಿಸದೆ, ಅವನು ಚಳಿಗಾಲದಲ್ಲಿ ಮಾತ್ರ ಬರುತ್ತಾನೆ, ಬಂದರೆ ಒಳ್ಳೆಯ ಆಟಗಾರ ಎಂದರು. ಆ ದಿನ ತೆಗೆದ ಫೋಟೋ ಈಗ ಗೋಡೆಯ ಮೇಲೆ ನಿಮ್ಮ ಪಕ್ಕದಲ್ಲಿದೆ. ಪೂರ್ತಿ ಬಿಳಿ, ಏಳು ನೆರಳು. ತುದಿಯ ಗಿಡ್ಡ ನೆರಳು ನಾನು.

ಮಾತು ಎಲ್ಲಿಗೋ ಹೋಯಿತು. ತಂಡವೇನೋ ಉಳಿಯಿತು, ಆದರೆ ಆಟ ಕಲಿಸುವವರಿಲ್ಲದೆ ಮುಂದಿನ ವರ್ಷ ಕಷ್ಟ. ಹುಡುಗರಿಗೆ ಒಂದು ಒಳ್ಳೆಯ ಪಂದ್ಯವಾಗಲೆಂದು ಆಗಸ್ಟ್ 12ಕ್ಕೆ ಈಸ್ಟ್ ತಮಾಕಿಯಲ್ಲಿ ಒಂದು ಸ್ನೇಹಪಂದ್ಯ ಗೊತ್ತಾಗಿದೆ. ಅಲ್ಲಿಗೆ ನಿಮ್ಮ ಮನೆ ಹತ್ತಿರವಂತೆ. ಬಿಡುವಿದ್ದರೆ ಬಂದು ಹುಡುಗರ ಆಟ ನೋಡಿ ನಾಲ್ಕು ಮಾತು ಹೇಳಲಿ ಎಂದು ಕ್ಲಬ್ಬಿನ ಕಾರ್ಯದರ್ಶಿಯ ಕೋರಿಕೆ. ಒತ್ತಾಯವಿಲ್ಲ. ಗೋದಾಮಿನ ಕೆಲಸವಿದ್ದರೆ ಅದನ್ನು ಬಿಟ್ಟು ಬರಬೇಕಾಗಿಯೂ ಇಲ್ಲ.

ಚಳಿ ಜಾಸ್ತಿ, ಎದೆಗೆ ಬೆಚ್ಚಗೆ ಹಾಕಿಕೊಳ್ಳಿ. ಖುದಾ ಹಾಫಿಜ್.

ನಿಮ್ಮ
ಸನೋಬರ್

ಮರೆತಿದ್ದೆ: ಕಾರ್ಯದರ್ಶಿ ಎಂದು ಬರೆದೆನಲ್ಲ, ಅದು ನಾನೇ, ಹೋದ ಮಾರ್ಚಿನಿಂದ. ನಮ್ಮನ್ನು ಕರೆದ ಕ್ಲಬ್ಬುಗಳು ಮೂರು. ಹ್ಯಾಮಿಲ್ಟನ್ನಿನದು ಹತ್ತಿರವಿತ್ತು, ಇನ್ನೊಂದು ಊಟವನ್ನೂ ಹಾಕುತ್ತೇವೆ ಎಂದಿತ್ತು. ನಿಮ್ಮ ಬೀದಿಯ ಹೆಸರನ್ನು ನಕ್ಷೆಯಲ್ಲಿ ಹುಡುಕಿ, ಅದಕ್ಕೆ ಅಂಟಿಕೊಂಡಿರುವ ಮೈದಾನದವರಿಗೆ ಹೂಂ ಎಂದೆ. ಅವತ್ತು ನಾನು ಗೋಲಿನಲ್ಲಿ ನಿಲ್ಲುವುದಿಲ್ಲ, ಗೆರೆಯ ಆಚೆ ಇರುತ್ತೇನೆ. ಮಾತಾಡಲು ಬಿಡುವಿರುತ್ತದೆ.