ಇಂಧನ ಮುಗಿದಿದ್ದ ವಿಮಾನ ಹೊತ್ತಿ ಉರಿದದ್ದು ಹೇಗೆ?

ಲಘು ವಿಮಾನಗಳಿಗೆ ಹಾರಾಟದ ಅನುಮತಿ ಕೊಡುವ ಅಧಿಕಾರಿಗಳೇ,

ಉಪೇಂದ್ರ ಸತ್ತದ್ದು ತಮ್ಮದೇ ತಪ್ಪಿನಿಂದ ಎನ್ನುತ್ತದೆ ನಿಮ್ಮ ತನಿಖಾ ವರದಿ. ಇಂಧನ ಎಷ್ಟಿದೆಯೆಂದು ನೋಡಿಕೊಳ್ಳದೆ ಅವರು ಮೇಲೇರಿದರಂತೆ, ಅದು ಮುಗಿದು ಎಂಜಿನ್ ನಿಂತಿತಂತೆ. ನಾನು ಆ ಬಯಲಿನಲ್ಲಿ ನಿಂತು ಎಲ್ಲವನ್ನೂ ಕಂಡವಳು. ನೀವೂ ಅಲ್ಲೇ ಇದ್ದಿರಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ. ಆದ್ದರಿಂದ ಒಂದು ಸಣ್ಣ ಪ್ರಶ್ನೆ: ಇಂಧನವೇ ಇಲ್ಲದ ವಿಮಾನ ಒಬ್ಬ ಮನುಷ್ಯನನ್ನು ಗುರುತು ಸಿಗದಂತೆ ಸುಟ್ಟದ್ದು ಯಾವುದರಿಂದ? ನಿಮ್ಮ ಇಲಾಖೆಯ ಗಾಳಿಯಿಂದಲೇ?

ಇದನ್ನು ಓದುವ ಉಳಿದವರಿಗೆ ಗೊತ್ತಾಗಲೆಂದು ಮೊದಲಿನಿಂದ ಹೇಳುತ್ತೇನೆ. ನನ್ನ ಗಂಡ ಗುರುಶಾಂತ ಮತ್ತು ಉಪೇಂದ್ರ ಹೈದರಾಬಾದಿನ ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಒಂದೇ ವಿಭಾಗದಲ್ಲಿ ದುಡಿದವರು. ನಿವೃತ್ತರಾದ ಮೇಲೆ ವಿದೇಶದಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಊರಾಚೆ ಉಪ್ಪಲ್ ದಾಟಿದ ಮೇಲೆ ಒಂದು ಶೆಡ್ ಹಿಡಿದು, ತಲಾ ಒಂದು ಪುಟ್ಟ ವಿಮಾನ ಜೋಡಿಸಿದರು. ರೆಕ್ಕೆಗೆ ಬಟ್ಟೆ ಹೊದಿಸಿ, ಕಾವಿಗೆ ಅದು ಬಿಗಿಯಾಗಲೆಂದು ಇಸ್ತ್ರಿಪೆಟ್ಟಿಗೆ ಆಡಿಸಿದವರು ನಾನು ಮತ್ತು ಉಪೇಂದ್ರರ ಹೆಂಡತಿ ಗದಿಗೆಮ್ಮ. ಎರಡಕ್ಕೂ ಹಾರಲು ಅನುಮತಿ ಕೊಟ್ಟವರು ನೀವು.

ಮೊದಲು ಬಿದ್ದದ್ದು ನನ್ನ ಗಂಡನ ವಿಮಾನ. ಹೋದ ಬೇಸಿಗೆಯಲ್ಲಿ, ನಡು ಆಕಾಶದಲ್ಲಿ ಎಂಜಿನ್ ನಿಂತು ಹತ್ತಿಹೊಲಕ್ಕೆ ಅಪ್ಪಳಿಸಿತು. ದವಡೆ ಮುರಿಯಿತು, ಜೀವ ಉಳಿಯಿತು. ಎಂಜಿನ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು: ಪೆಟ್ರೋಲ್ ಸಾಗಿಸುವ ರಬ್ಬರ್ ಪೈಪು ಕಾವಿಗೆ ಮೆತ್ತಗಾಗಿ ಒಳಗೇ ಅಂಟಿಕೊಂಡಿತ್ತು. ಅದನ್ನು ಹಿಡಿದು ಸಿಕಂದರಾಬಾದಿನ ನಿಮ್ಮ ಕಚೇರಿಗೆ ಬಂದೆವು. ನಮ್ಮ ಕನ್ನಡ ಕೇಳಿ, ನೀವೂ ಕಲಬುರಗಿಯವರೆಂದು ಹೇಳಿ, ಚಹಾ ತರಿಸಿದಿರಿ.

"ಉಪೇಂದ್ರನ ವಿಮಾನದಾಗೂ ಇದೇ ಪೈಪ್ ಐತ್ರಿ. ಬದಲಿ ಮಾಡಾಕ ಪರ್ಮಿಷನ್ ಕೊಡ್ರಿ," ಎಂದು ನನ್ನ ಗಂಡ ಮುರಿದ ದವಡೆಯಲ್ಲೇ ತೊದಲಿದರು.

"ಯಾರೂ ಸತ್ತಿಲ್ಲಲ್ರಿ? ಅಪಘಾತ ಅಂತ ಯಾಕ ಬರೀತೀರಿ? ಹಾರ್ಡ್ ಲ್ಯಾಂಡಿಂಗ್ ಅಂತ ಬರೀರಿ, ಖತಂ," ಎಂದಿರಿ. "ಪೈಪ್ ಬದಲಿ ಮಾಡಿದ್ರ ಮಂಜೂರಾದ ಡಿಸೈನೇ ಬದಲಾಗ್ತದ. ಪರ್ಮಿಟ್ ರದ್ದಾಗ್ತದ ನೋಡ್ರಿ."

ಒಂದು ಪೈಪು ಬದಲಿಸಿದರೆ ಅಪರಾಧ, ಅದೇ ಪೈಪಿನಿಂದ ಸತ್ತರೆ ನಿಯಮಪಾಲನೆ! ಉಪೇಂದ್ರ ನಿಮ್ಮ ಮಾತು ಪಾಲಿಸಿದರು. ಪರ್ಮಿಟ್ ನವೀಕರಿಸಲು ಹಾರಿಸಿ ತೋರಿಸಬೇಕೆಂದು ನೀವು ಬಂದ ಬೆಳಗ್ಗೆ ನನ್ನ ಗಂಡ ಅವರ ತೋಳು ಹಿಡಿದರು.

"ಬ್ಯಾಡೋ ಉಪ್ಪ್ಯಾ, ಆ ಪೈಪ್ ತಗಿಯೂತನಕ ಹಾರಬ್ಯಾಡ."

ನೀವು ಗಡಿಯಾರ ನೋಡಿದಿರಿ. "ಇವತ್ತು ಹಾರಿಸ್ರಿ, ಇಲ್ಲಾಂದ್ರ ಶೆಡ್ಡಿನಾಗ ಇಟ್ಟು ಪೂಜಾ ಮಾಡ್ರಿ."

ಉಪೇಂದ್ರ ನಕ್ಕರು. "ಪರ್ಮಿಟ್ ಹೋದ್ರ ಮತ್ತ ಸಿಗೂದಿಲ್ಲೋ. ಒಂದ ರೌಂಡ್ ಹೊಡದು ಇಳೀತೀನಿ."

ಆ ಸುತ್ತು ಮುಗಿಯಲಿಲ್ಲ. ತಿರುಗುತ್ತಿದ್ದಾಗ ಸದ್ದು ನಿಂತಿತು. ಮೂಗು ಕೆಳಗಾಗಿ ವಿಮಾನ ಕಲ್ಲಿನ ಕಾಂಪೌಂಡಿಗೆ ಬಡಿಯಿತು. ಎಂಜಿನ್ ಹಿಂದಕ್ಕೆ ನುಗ್ಗಿ ಅವರ ತೊಡೆಗಳನ್ನು ಜಜ್ಜಿತ್ತು. ಟ್ಯಾಂಕ್ ಒಡೆದು ಪೆಟ್ರೋಲ್ ಅವರ ಎದೆಯ ಮೇಲೆ ಸುರಿಯುತ್ತಿತ್ತು. ಇನ್ನೂ ಬೆಂಕಿ ಹತ್ತಿರಲಿಲ್ಲ. "ಗುರು, ಬೆಲ್ಟ್ ಬಿಚ್ಚೋ! ಬೆಲ್ಟ್!" ಎಂದು ಅವರು ಚೀರಿದ್ದು ನಿಮಗೂ ಕೇಳಿಸಿರಬೇಕು. ನನ್ನ ಗಂಡ ಬಕಲಿಗೆ ಕೈ ಹಾಕಿದ್ದರು, ಅಷ್ಟರಲ್ಲಿ ಭಗ್ಗೆಂದಿತು. ಆದರೂ ಅವರು ಕೈ ತೆಗೆಯಲಿಲ್ಲ. ಅಂಗೈ ಚರ್ಮ ಬಕಲಿಗೆ ಅಂಟಿ ಸುಲಿದು ಬಂತು. ನಾನು ಗದಿಗೆಮ್ಮನ ಸೊಂಟ ಹಿಡಿದು ನೆಲಕ್ಕೆ ಕೆಡವಿದೆ. ಅವಳು ನನ್ನ ಕೈ ಕಚ್ಚಿ ರಕ್ತ ಬರಿಸಿದಳು. "ಬಿಡ ನನ್ನ! ಅವರು ಉರಿಯಾಕತ್ತಾರ!" ಎನ್ನುತ್ತಿದ್ದಳು. ಉಪೇಂದ್ರರ ಚೀರಾಟ ಬೇಗ ನಿಲ್ಲಲಿಲ್ಲ ಸ್ವಾಮಿ, ಬೆಂಕಿಗೆ ನಿಮ್ಮಷ್ಟು ಅವಸರವಿರುವುದಿಲ್ಲ. ನೀವು ಆಗ ಜೀಪಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಿರಿ.

ಅನುಮತಿ ಕೊಟ್ಟವರೇ ತನಿಖೆಯನ್ನೂ ಮಾಡಿದರೆ ತಪ್ಪು ಸತ್ತವರದಲ್ಲದೆ ಇನ್ನಾರದಾಗುತ್ತದೆ? ವರದಿ ಬಂದ ಮೇಲೆ ನಾವು ಮತ್ತೆ ನಿಮ್ಮೆದುರು ನಿಂತೆವು. ಪೈಪಿನ ಮಾತು ವರದಿಯಲ್ಲಿ ಯಾಕಿಲ್ಲ ಎಂದು ನನ್ನ ಗಂಡ ಕೇಳಿದರು.

"ಬೂದಿ ಆದ ಪೈಪಿಗೆ ಸಾಕ್ಷಿ ಎಲ್ಲದರಿ? ನಿಮ್ಮ ದೋಸ್ತಗ ಪೆಟ್ರೋಲ್ ನೋಡೂವಷ್ಟು ಅಕಲ್ ಇರಲಿಲ್ಲ," ಎಂದಿರಿ.

ಆಗ ಅವರು ಹೊಡೆದರು. ಹೌದು, ಹೊಡೆದರು. ಇನ್ನೂ ಮಾಯದ ಮುಷ್ಟಿಯಿಂದ ನಿಮ್ಮ ಮುಖಕ್ಕೆ ಬಲವಾಗಿ ಗುದ್ದಿದರು. ಕುರ್ಚಿಸಮೇತ ಬಿದ್ದಿರಿ, ನಿಮ್ಮ ಮೂಗು ಒಡೆಯಿತು. ನಿಮ್ಮ ಬಿಳಿ ಅಂಗಿಗೆ ಹತ್ತಿದ ರಕ್ತದಲ್ಲಿ ಅರ್ಧ ಅವರದೇ. ನಾನು ತಡೆಯಲಿಲ್ಲ.

ಸರ್ಕಾರಿ ನೌಕರನ ಮೇಲೆ ಹಲ್ಲೆ ಎಂದು ಮೊಕದ್ದಮೆ ಹಾಕಿದ್ದೀರಿ. ಕ್ಷಮೆ ಕೇಳಿದರೆ ಹಿಂತೆಗೆದುಕೊಳ್ಳುತ್ತೀರೆಂದು ಹೇಳಿಕಳಿಸಿದ್ದೀರಿ. ಗದಿಗೆಮ್ಮನಿಗೆ ತಿಳಿಸಿದೆ. "ಕ್ಷಮಾ ಕೇಳಿದ್ರ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ್ರಿ," ಎಂದಳು. ನಾವು ಕೇಳುವುದಿಲ್ಲ. ನನ್ನ ಗಂಡ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ. ಯಾಕೆ ಹೊಡೆದಿರಿ ಎಂದು ನ್ಯಾಯಾಧೀಶರು ಕೇಳಲಿ ಎಂಬುದೊಂದೇ ನಮ್ಮ ಆಸೆ.

ನನ್ನ ಬೇಡಿಕೆ ಬೇರೆಯೇ ಇದೆ. ಇಂಥದೇ ಪೆಟ್ಟಿಗೆ ತರಿಸಿ ಬೇರೆಯವರು ಜೋಡಿಸಿದ ವಿಮಾನಗಳು ಇನ್ನೂ ಹಾರುತ್ತಿವೆ, ನಿಮ್ಮದೇ ಸಹಿ ಹೊತ್ತು. ಮತ್ತೆ ಬಿಸಿಲೇರುತ್ತಿದೆ. ಅವುಗಳನ್ನು ಹಾರಿಸುವವರಿಗೆ ಆ ಪೈಪಿನ ಸುದ್ದಿ ಯಾರೂ ಹೇಳಿಲ್ಲ. ಮೊದಲು ಅವನ್ನೆಲ್ಲ ನೆಲಕ್ಕಿಳಿಸಿ. ನನ್ನ ಗಂಡನನ್ನು ಆಮೇಲೆ ಜೈಲಿಗೆ ಕಳಿಸುವಿರಂತೆ.

ಇಂತಿ,
ಹೊಡೆದವರ ಹೆಂಡತಿ, ತಡೆಯದೆ ನಿಂತವಳು,
ಮಂದಾಕಿನಿ
ಬಾಲಾನಗರ, ಹೈದರಾಬಾದ್